‘ತ’ ಅಕ್ಷರದ ಒಂದು ಪದ

ಮೊನ್ನೆ ಇಲ್ಲಿ ಮೈಸೂರಿನ ಮನೆಯಲ್ಲಿ, ಮಗಳ ಭರತನಾಟ್ಯದ ಟೀಚರಿಗೆ ‘ತುರುಬಿಗೆ ಮಲ್ಲಿಗೆ ಸಾಕೇ?’ ಎಂದು ಫೋನಿನಲ್ಲಿ ಬರೆಯಲು ಕೂತಿದ್ದೆ. ‘ತುರು’ ಎಂದು ಒತ್ತುವಷ್ಟರಲ್ಲಿ ಫೋನು ತಾನೇ ಮುಂದಾಗಿ ಮೂರು ಪದ ತೋರಿಸಿತು. ತುರುಬು, ತುರುಕು, ತುರುಕ. ಮೂರನೆಯದರ ಮುಂದೆ ಬೆರಳು ನಿಂತುಬಿಟ್ಟಿತು. ಈ ಫೋನಿಗೆ ಆ ಪದ ಎಲ್ಲಿಂದ ಬಂತೋ ಗೊತ್ತಿಲ್ಲ. ಆದರೆ ಸುಮಾರು ಇಪ್ಪತ್ತು ವರ್ಷದ ಹಿಂದೆ, ಹೈದರಾಬಾದಿನಲ್ಲಿ, ಇಂಥದೇ ಒಂದು ಪಟ್ಟಿಯಲ್ಲಿ ಅದರ ಎದುರಿಗೆ ಅರ್ಥ ಬರೆದವಳು ನಾನು.

ಆಗ ಮಾಧಾಪುರದಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಕಂಪ್ಯೂಟರಿಗೆ ನಮ್ಮ ಭಾಷೆಗಳನ್ನು ಕಲಿಸುತ್ತೇವೆ ಎಂದು ಹೊರಟ ಒಂದು ಸಣ್ಣ ಕಂಪನಿ, ಕನ್ನಡ ಎಂ.ಎ. ಓದಿದ ನನ್ನಂಥವಳಿಗೂ ಕೊರಳಿಗೆ ಗುರುತಿನ ಚೀಟಿ ಹಾಕಿ ಕೂರಿಸಿತ್ತು. ಕನ್ನಡ ವಿಭಾಗದಲ್ಲಿ ಇದ್ದವರು ಇಬ್ಬರೇ. ಮೈಸೂರಿನ ನಾನು, ರಾಯಚೂರು ಸೀಮೆಯ ಲಿಂಗಸುಗೂರಿನ ರಜಿಯಾ. ಅವರು ನನಗಿಂತ ಆರೇಳು ವರ್ಷ ದೊಡ್ಡವರು. ಊರಲ್ಲಿ ಹೈಸ್ಕೂಲಿಗೆ ಕನ್ನಡ ಹೇಳಿಕೊಡುತ್ತಿದ್ದವರು. ಮೈಸೂರಿನವಳು ಎಂಬ ನನ್ನ ಜಂಬ ಮೊದಲ ವಾರದಲ್ಲೇ ಇಳಿಯಿತು. ಬಿತ್ತನೆಯ, ನೇಯ್ಗೆಯ, ಒಲೆಯ ಮುಂದಿನ ನೂರಾರು ಪದಗಳಿಗೆ ನಾನು ನಿಘಂಟು ತಿರುವುತ್ತಿದ್ದರೆ, ಅವರು ತಲೆಯೆತ್ತದೆ ಅರ್ಥ ಹೇಳಿಬಿಡುತ್ತಿದ್ದರು.

ಅಕಾರಾದಿಯಲ್ಲಿ ಸಾಗುತ್ತ ಒಂದು ದಿನ ‘ತ’ಕ್ಕೆ ಬಂದೆವು. ತುರಿ, ತುರಿಕೆ, ತುರು, ತುರುಕ. ನನಗೆ ಪಾಂಡಿತ್ಯ ಉಕ್ಕಿತು. ಮಧ್ಯ ಏಷ್ಯಾದ ತುರ್ಕರು, ಸಂಸ್ಕೃತದಲ್ಲಿ ತುರುಷ್ಕರು; ಉತ್ತರದಿಂದ ಬಂದ ಸುಲ್ತಾನರ ಸೈನ್ಯಕ್ಕೆ ಆ ಹೆಸರು ಅಂಟಿತು; ಆಮೇಲೆ ತುರ್ಕರಲ್ಲದ ಮುಸಲ್ಮಾನರೆಲ್ಲ ಅದೇ ಹೆಸರಿನೊಳಗೆ ಸೇರಿದರು. ‘ಯವನ’ದ ಕಥೆಯೂ ಹಾಗೇ ಅಕ್ಕ, ಮೊದಲು ಗ್ರೀಕರು, ಆಮೇಲೆ ಯಾರ್ಯಾರೋ, ಎಂದು ಟೀ ಲೋಟ ಹಿಡಿದು ಪಾಠ ಹೇಳಿದೆ. ನಮ್ಮ ಸೋದರಮಾವ ಒಬ್ಬರು ಇದು ತುರು, ಅಂದರೆ ಹಸುವಿನಿಂದ ಬಂದ ಪದ ಎಂದು ಮದುವೆಮನೆಗಳಲ್ಲಿ ವಾದಿಸುತ್ತಿದ್ದುದನ್ನೂ ಹೇಳಿ ನಕ್ಕೆ.

ರಜಿಯಾ ನಗಲಿಲ್ಲ. “ನಮ್ಮಜ್ಜ ಹತ್ತಿ ಹಿಂಜೋರು. ತುರ್ಕಸ್ತಾನ ಹೋಗ್ಲಿ, ಹುಬ್ಬಳ್ಳಿನೂ ನೋಡಿರಲಿಲ್ಲ. ಅವ್ರಿಗೂ ಇದ ಹೆಸರು ನೋಡ್ರಿ,” ಎಂದು ಮುಂದಿನ ಪದಕ್ಕೆ ಹೋದರು. ಆ ಮಾತಿನಲ್ಲಿದ್ದ ಮುಳ್ಳು ನನಗೆ ಕಾಣಲಿಲ್ಲ. ನಾನು ಬರೆದಿದ್ದು ಇಷ್ಟೆ: ‘ತುರ್ಕ ದೇಶದವನು; ಮುಸಲ್ಮಾನ.’

ರಜಿಯಾ ಹೈದರಾಬಾದಿನ ಹಳೇ ಪಟ್ಟಣದಲ್ಲಿ ತಮ್ಮ ಸೋದರಮಾವನ ಮನೆಯಲ್ಲಿದ್ದು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ನಾನು ಕೂಕಟ್‌ಪಲ್ಲಿಯಲ್ಲಿ ಒಂದು ಮನೆಯ ಮಹಡಿಯಲ್ಲಿದ್ದೆ. ನನ್ನ ಪಕ್ಕದ ಕೋಣೆ ಖಾಲಿಯಾದಾಗ, “ಬಂದುಬಿಡಿ ಅಕ್ಕ, ಜೊತೆಗೆ ಅಡುಗೆ ಮಾಡೋಣ” ಅಂದೆ. ಅವರು ಎಷ್ಟು ಖುಷಿಪಟ್ಟರೆಂದರೆ, ಕೋಣೆ ನೋಡುವ ಮೊದಲೇ ಒಂದು ರೊಟ್ಟಿ ಹಂಚು ಕೊಂಡುಬಿಟ್ಟರು.

ಮನೆಯ ಒಡತಿ ಸುಶೀಲಮ್ಮ ಗುಂಟೂರಿನ ಕಡೆಯವರು, ಒಳ್ಳೆಯ ಹೆಂಗಸು. ಇದನ್ನು ನೀವು ನಂಬಬೇಕು. ನನಗೆ ಜ್ವರ ಬಂದಾಗ ಮೂರು ದಿನ ಮಹಡಿ ಹತ್ತಿ ಗಂಜಿ ತಂದುಕೊಟ್ಟವರು. ಭಾನುವಾರ ಬೆಳಿಗ್ಗೆ ನಾನು ರಜಿಯಾ ಅವರನ್ನು ಕರೆದುಕೊಂಡು ಹೋದಾಗ, ನಗುತ್ತಲೇ ಬಾಗಿಲು ತೆರೆದು ಮಜ್ಜಿಗೆ ತರಲು ಒಳಗೆ ಹೋದರು. ಅಷ್ಟರಲ್ಲಿ ರಜಿಯಾ ಅವರಿಗೆ ಮಾವನ ಫೋನು ಬಂತು. ಅವರು ಜಗಲಿಯ ಆ ತುದಿಗೆ ಸರಿದು, “ಹೌ ಮಾಮೂ, ಪಹುಂಚ್ ಗಯೀ” ಎಂದು ತಲುಪಿದ ಸುದ್ದಿಯನ್ನು ದಖನಿ ಉರ್ದುವಿನಲ್ಲಿ ಹೇಳಿದರು.

ಲೋಟ ಹಿಡಿದು ಬಂದ ಸುಶೀಲಮ್ಮ ಹೊಸ್ತಿಲಲ್ಲೇ ನಿಂತರು. ನನ್ನ ಕಿವಿಯ ಹತ್ತಿರ ಬಾಗಿ ಪಿಸುದನಿಯಲ್ಲಿ ತೆಲುಗಿನಲ್ಲಿ ಕೇಳಿದರು: “ತುರಕೋಳ್ಳಾ?” ತುರುಕರಾ, ಎಂದು.

ಟೀ ಹೊತ್ತಿನಲ್ಲಿ ಇಡೀ ಮಧ್ಯ ಏಷ್ಯಾ ಸುತ್ತಿದ್ದ ನನಗೆ ಆಗ ಕಂಡದ್ದು ಆ ಖಾಲಿ ಕೋಣೆಯೊಂದೇ. ಕೋಣೆ ಕೈತಪ್ಪುತ್ತದೆ ಅನ್ನಿಸಿತು. ಹೇಗಾದರೂ ಇವರನ್ನು ಒಳಗೆ ಸೇರಿಸಿಬಿಟ್ಟರೆ ಆಮೇಲೆ ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಬಾಯಿಂದ ಬಂದದ್ದು ಇದು: “ಕಾದು ಆಂಟೀ, ಕನ್ನಡ ವಾಳ್ಳು.” ಅಲ್ಲ ಆಂಟಿ, ಕನ್ನಡದವರು.

ಹೇಳಿ ತಿರುಗಿದರೆ ರಜಿಯಾ ಫೋನು ಮುಚ್ಚಿ ನಮ್ಮನ್ನೇ ನೋಡುತ್ತಿದ್ದರು. ರಾಯಚೂರು ಸೀಮೆಯವರಿಗೆ ತೆಲುಗು ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರು ಹತ್ತಿರ ಬಂದು, ಕ್ಲಾಸಿನಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ, “ನಾ ಪೇರು ರಜಿಯಾ ಅಮ್ಮಾ,” ಅಂದರು. ನೀವು ಕೇಳಿದವಳೂ ನಾನೇ, ಇವರು ಹೇಳಿದವಳೂ ನಾನೇ, ಎಂದು ತೆಲುಗಿನಲ್ಲೇ ಸೇರಿಸಿದರು.

ಸುಶೀಲಮ್ಮ ಲೋಟವನ್ನೇನೋ ಕೊಟ್ಟರು. ರಜಿಯಾ ನಿಂತೇ ಪೂರ್ತಿ ಕುಡಿದರು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ಸುಶೀಲಮ್ಮ ನೆಲ ನೋಡುತ್ತ ಹೇಳಿದರು. ಮಾರನೆಯ ದಿನ ಕೋಣೆ ಯಾರೋ ನೆಂಟರಿಗೆ ನಿಗದಿಯಾಗಿದೆ ಅಂದರು. ಆ ನೆಂಟರು ಕೊನೆಗೂ ಬರಲಿಲ್ಲ.

ಆ ಭಾನುವಾರ ಬಸ್ ಸ್ಟಾಪಿನವರೆಗೆ ನಾನು ಸುಶೀಲಮ್ಮನನ್ನು ಬೈಯುತ್ತಲೇ ನಡೆದೆ. ರಜಿಯಾ ತಡೆದರು.

“ಆಕಿ ಕೇಳಿದ್ದು ನಂಗೇನ್ ಹೊಸದಲ್ರಿ. ನೀವು ಅಲ್ಲ ಅಂದ್ರಲ್ಲ, ಅದು ಭಾಳ ತ್ರಾಸ ಆತು.”

“ಕೋಣೆ ಸಿಗಲಿ ಅಂತ ಅಕ್ಕ…”

“ಗೊತ್ತೈತ್ರಿ. ಆದ್ರ ತುರುಕರಲ್ಲ, ಕನ್ನಡದವ್ರು ಅಂದ್ರ, ಎರಡೂ ಆದೋರು ಎಲ್ಲಿಗೆ ಹೋಗ್ಬೇಕು?”

ಬಸ್ಸು ಬಂತು. ಅವರು ಹಿಂತಿರುಗಿ ನೋಡದೆ ಹತ್ತಿದರು. ಮುಂದೆ ಲಿಂಗಂಪಲ್ಲಿಯಲ್ಲಿ, ಕಾರ್ಖಾನೆಯೊಂದರಿಂದ ನಿವೃತ್ತರಾದ ಬೀದರಿನ ದಂಪತಿಯ ಮನೆಯಲ್ಲಿ ಅವರಿಗೆ ಕೋಣೆ ಸಿಕ್ಕಿತು.

ಆಫೀಸಿನಲ್ಲಿ ನಮ್ಮ ಮಾತು ಕೆಲಸಕ್ಕೆ ಇಳಿಯಿತು. ತಿಂಗಳಾದ ಮೇಲೆ ಮ್ಯಾನೇಜರು, ತಕರಾರು ತರುವ ಪದಗಳನ್ನೆಲ್ಲ ಕಿತ್ತುಹಾಕಿ ಅಂದರು. ನಾನು ಎಲ್ಲಕ್ಕಿಂತ ಮೊದಲು ‘ತುರುಕ’ದ ಮೇಲೆ ಗೆರೆ ಎಳೆದೆ, ಅದು ಹೋದರೆ ಆ ಭಾನುವಾರವೂ ಹೋಗುತ್ತದೆ ಎಂಬಂತೆ. ರಜಿಯಾ ಅದನ್ನು ಮತ್ತೆ ಸೇರಿಸಿದರು. “ತಗದ್ರ ಜನ ಅನ್ನೋದು ಬಿಡ್ತಾರೇನ್ರಿ? ಇರ್ಲಿ. ಸರಿಯಾಗಿ ಬರೀರಿ.” ಅವರೇ ಹೇಳಿದರು, ನಾನು ಟೈಪ್ ಮಾಡಿದೆ: ‘ಮೊದಲು, ತುರ್ಕ ಜನಾಂಗದವನು. ಆಮೇಲೆ, ಯಾವುದೇ ಮುಸಲ್ಮಾನನಿಗೆ ಇತರರು ಇಟ್ಟ ಹೆಸರು. ಈಗ, ಕರೆಸಿಕೊಂಡವರಿಗೆ ನೋವಾಗುವ ಮಾತು.’ ಮೂರನೆಯ ಸಾಲಿನಲ್ಲಿ ನನ್ನ ಬೆರಳು ಎರಡು ಸಲ ತಪ್ಪಿತು.

ಆ ಕಂಪನಿ ಎರಡೇ ವರ್ಷದಲ್ಲಿ ಮುಚ್ಚಿತು, ಪಟ್ಟಿ ಏನಾಯಿತೋ. ರಜಿಯಾ ಊರಿಗೆ ಮರಳಿ ಮತ್ತೆ ಹೈಸ್ಕೂಲಿನಲ್ಲಿ ಟೀಚರಾದರು. ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ.

ಮೊನ್ನೆ ಟೀಚರಿಗೆ ಬರೆಯುವುದನ್ನು ಬಿಟ್ಟು ಅವರಿಗೆ ಫೋನು ಮಾಡಿದೆ. ಕುಶಲ ಕೇಳುವ ಮುಂಚೆಯೇ, “ಅಕ್ಕ, ಕೂಕಟ್‌ಪಲ್ಲಿಯಲ್ಲಿ ಅವತ್ತು ನಾನು ಹಾಗನ್ನಬಾರದಿತ್ತು” ಅಂದೆ. ಆ ಕಡೆ ಶಾಲೆಯ ಗದ್ದಲ ಕೇಳುತ್ತಿತ್ತು. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ.

“ಮುಂದಿನ ತಿಂಗಳ ಹುಡುಗ್ರನ್ನ ಕರ್ಕೊಂಡು ಮೈಸೂರಿಗೆ ಬರಾಕತ್ತೀನಿ,” ಅಂದರು. “ನಿಮ್ಮ ಮನಿಗೆ ಬಂದ್ರ, ಬಾಜೂದವ್ರು ಇವ್ರ್ಯಾರು ಅಂತ ಕೇಳಿದ್ರ ಏನಂತೀರಿ?”

“ರಜಿಯಾ ಅಂತೀನಿ ಅಕ್ಕ.”

“ಅಷ್ಟ ಸಾಕ್ರಿ,” ಅಂದರು.