ಕೆಳಗಿನ ಮನೆಯ ಮುದುಕಿಯ ಕಣ್ಣು

ಕಾತ್ರಜದ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯ ಮುದುಕಿಗೆ ನಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ನಾವು ಬಿಜಾಪುರದ ಕಡೆಯವರು, ತಡವರಿಸಿ ಮರಾಠಿ ಮಾತಾಡುತ್ತಿದ್ದೆವು, ಬೆಳಗಾಗುವುದರೊಳಗೆ ರೊಟ್ಟಿ ಬಡಿಯುತ್ತಿದ್ದೆವು. ಅವಳ ಸಿಟ್ಟಿಗೆ ಅಷ್ಟು ಸಾಕಾಗಿತ್ತು. ನಾನು ಮೆಟ್ಟಿಲಿಳಿದರೆ, 'ಬಂದಳು ಕಾನಡಿ' ಎಂದು ಒಳಗೆ ಯಾರಿಗೋ ಹೇಳುವಂತೆ ಮರಾಠಿಯಲ್ಲಿ ಹೇಳುತ್ತಿದ್ದಳು. ಹಗಲು ಹೊತ್ತಿನಲ್ಲಿ ಒಳಗೆ ಯಾರೂ ಇರುತ್ತಿರಲಿಲ್ಲ. ಮದುವೆಯಾಗದ ಒಬ್ಬ ಮಗ, ದೇಹೂ ರೋಡಿನ ಕಡೆಯ ಕಾರ್ಖಾನೆಗೆ ಬೆಳಿಗ್ಗೆ ಆರಕ್ಕೇ ಹೊರಟರೆ ತಿರುಗಿ ಬರುವುದು ಸಂಜೆ.

ತೊಂಬತ್ತೇಳನೇ ಇಸವಿಯೋ ತೊಂಬತ್ತೆಂಟೋ ಇರಬೇಕು, ಅವಳು ಕಣ್ಣಿನ ಪೊರೆ ತೆಗೆಸಿಕೊಂಡಳು. ಆರು ವಾರ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧ ಬಿಡಬೇಕು. ಸಂಜೆಯದನ್ನು ಮಗ ನೋಡಿಕೊಳ್ಳಬಹುದು, ಉಳಿದ ಮೂರು? ಅವನು ಮೆಟ್ಟಿಲ ಮೇಲೆ ನನ್ನ ಗಂಡನನ್ನು ಕೇಳಿದ. ಇವರು ಅಲ್ಲೇ ನಿಂತು ಒಪ್ಪಿಕೊಂಡು ಬಂದರು.

"ನನ್ನ ಒಂದ್ ಮಾತು ಕೇಳಬಾರದಾಗಿತ್ತಾ?" ಎಂದೆ.

"ವಯಸ್ಸಾದಾಕಿ. ಮನುಷ್ಯಾರಿಗೆ ಮನುಷ್ಯಾರು ಆಗಬೇಕು. ನೀ ಹೆಂಗೂ ಮನ್ಯಾಗ ಇರ್ತಿ."

"ಮನ್ಯಾಗ ನಾ ಖಾಲಿ ಕುಂತಿರತೇನೇನ್ರಿ?"

ಮನೆಯಲ್ಲಿ ಕೂತು ನಾನು ದಿನಕ್ಕೆ ನಾಲ್ಕೈದು ರವಿಕೆ ಹೊಲಿಯುತ್ತಿದ್ದೆ. ಅದು ಅವರ ಕಣ್ಣಿಗೆ ಕೆಲಸವಾಗಿ ಕಂಡಿರಲೇ ಇಲ್ಲ. ದೊಡ್ಡ ಮನಸ್ಸು ಅವರದು, ಆ ಮನಸ್ಸಿನ ಚಾಕರಿ ನನ್ನದು. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಮರುದಿನದಿಂದ ಹೊಲಿಗೆ ಬಿಟ್ಟು ಎದ್ದು, ಸೋಪಿನಿಂದ ಕೈ ತೊಳೆದು ಕೆಳಗಿಳಿಯತೊಡಗಿದೆ. ಅವಳು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿರುತ್ತಿದ್ದಳು. ನಾನು ರೆಪ್ಪೆ ಬಿಡಿಸಿದ ಕೂಡಲೇ ಬೈಗುಳ ಶುರು. ಕೈ ಬೆಳ್ಳುಳ್ಳಿ ನಾರುತ್ತದೆ. ಉಗುರು ತಾಗಿತು. ನಿಮ್ಮ ಊರಲ್ಲಿ ದನಕ್ಕೆ ಹೀಗೇ ಔಷಧ ಹಾಕುತ್ತಾರೇನು. ಒಂದು ಭಾನುವಾರ, ಮಗನಿಗೆ ಕಾರ್ಖಾನೆಯಲ್ಲಿ ಪಾಳಿಯಿತ್ತು, ನನ್ನ ಗಂಡನನ್ನು ಕಳಿಸಿದೆ. ಅವರಿಗೆ ಚಹಾ ಕುಡಿಸಿ, 'ನಿಮ್ಮ ಕೈ ಎಷ್ಟು ಹಗುರ' ಎಂದು ಹೊಗಳಿ ಕಳಿಸಿದ್ದಳು. ಅವರು ಅದನ್ನು ನಗುತ್ತಾ ಬಂದು ಹೇಳಿದರು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ್ದು ನೆನಪಿದೆ.

ಮೂರನೆಯ ವಾರ, ಒಂದು ಮಧ್ಯಾಹ್ನ, 'ನಿನ್ನವ್ವ ನಿನಗೆ ಏನನ್ನೂ ಕಲಿಸಲಿಲ್ಲವೇ' ಎಂದಳು. ನನ್ನವ್ವ ಸತ್ತು ಆಗಿನ್ನೂ ವರ್ಷ ತುಂಬಿರಲಿಲ್ಲ. ನಾನು ಬಾಟಲಿಯ ಮುಚ್ಚಳ ತಿರುವಿ ಕೆಳಗಿಟ್ಟೆ.

"ಇನ್ನೊಂದು ಸಲ ನನ್ನವ್ವನ ಹೆಸರೆತ್ತಿದರೆ ನಿಮ್ಮ ಕಣ್ಣು ಹೋದರೂ ನಾನು ಬರುವುದಿಲ್ಲ" ಎಂದೆ, ನನ್ನ ಹರಕು ಮರಾಠಿಯಲ್ಲಿ.

ಅವಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಳು. ಆಮೇಲೆ, "ಕಣ್ಣಿನ ಹತ್ತಿರ ಕೈ ಬಂದರೆ ನನಗೆ ಹೆದರಿಕೆ" ಎಂದಳು. "ಏನಾದರೂ ಮಾತಾಡುತ್ತಿದ್ದರೆ ತಡೆದುಕೊಳ್ಳಬಹುದು."

ಮನಸ್ಸು ಕರಗಿತೆಂದು ಬರೆಯಲಾರೆ, ಕರಗಲಿಲ್ಲ. ಹೆದರಿಕೆಯಾದರೆ ದೇವರ ಹೆಸರು ಹೇಳಬಹುದಿತ್ತು, ಮಗ್ಗಿ ಒಪ್ಪಿಸಬಹುದಿತ್ತು. ನನ್ನನ್ನೇ ಏಕೆ ತುಳಿಯಬೇಕಿತ್ತು? ಆದರೂ ಅಂದಿನಿಂದ, ಹನಿ ಬಿಡುವ ಮೊದಲು, "ಈಗ ಬರುತ್ತೆ" ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ. ಅವಳು ಉಸಿರು ಹಿಡಿಯುತ್ತಿದ್ದಳು. ಬೈಗುಳ ಕಡಿಮೆಯಾಯಿತು, ನಿಲ್ಲಲಿಲ್ಲ.

ಆರು ವಾರವಾದ ಮೇಲೆ ಡಾಕ್ಟರಿಗೆ ತೋರಿಸಲು ಅವಳನ್ನು ಕರೆದುಕೊಂಡು ಹೋಗುವ ಕೆಲಸವೂ ನನಗೇ ಬಂತು. ಡಾಕ್ಟರು ಕಣ್ಣಿಗೆ ಬೆಳಕು ಹಿಡಿದು, "ಆಜಿ, ಕಣ್ಣು ಭಾಳ ಛಂದ ಮಾಯ್ದದ. ಔಷಧ ಯಾರು ಹಾಕಿದ್ರು?" ಎಂದು ಕೇಳಿದರು. ಮರಾಠಿಯಲ್ಲೇ ಕೇಳಿದ್ದು, ನನ್ನ ನೆನಪಿನಲ್ಲಿ ಅದು ನಮ್ಮ ಮಾತಾಗಿ ಕೂತಿದೆ.

"ನನ್ನ ಮಗ" ಎಂದಳು ಅವಳು. "ನಾಲ್ಕೂ ಹೊತ್ತು."

ನಾನು ಪಕ್ಕದಲ್ಲೇ ಅವಳ ಚೀಲ ಹಿಡಿದು ನಿಂತಿದ್ದೆ.

"ಸುಳ್ಳು. ಮಗ ಕಾರ್ಖಾನೆಯಲ್ಲಿರುತ್ತಾನೆ. ದಿನಕ್ಕೆ ಮೂರು ಸಲ ಹಾಕಿದವಳು ನಾನು" ಎಂದೆ.

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ ಚೀಟಿ ಬರೆಯತೊಡಗಿದರು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಹಾಗೆ ಹೇಳಿದ್ದಕ್ಕೆ ನನಗೆ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ.

ಹೊರಗೆ ಸ್ವಾರಗೇಟಿನ ರಸ್ತೆ ಬಸ್ಸು ರಿಕ್ಷಾಗಳಿಂದ ತುಂಬಿಹೋಗಿತ್ತು. ಬಿಸಿಲಿಗೆ ಅವಳ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ಒಬ್ಬಳೇ ದಾಟುತ್ತೇನೆಂದು ಹೆಜ್ಜೆ ಮುಂದಿಟ್ಟವಳ ತೋಳನ್ನು, ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಹಿಡಿದೆ. "ನೋಯುತ್ತದೆ" ಎಂದಳು.

"ನೋಯಲಿ" ಎಂದೆ. ಬಸ್ಸು ಹತ್ತಿಸಿ ಕೂರಿಸುವವರೆಗೂ ಬಿಡಲಿಲ್ಲ.