ಮೀಸ್ ಆದ ಮೇಲೆ ಒಂದು ಗುಳಿಗೆ

“ಹಾಗಾದರೆ ಬಿಸಿಲಿಗೆ ಎಷ್ಟು ಕೂತರೂ ಹೆಚ್ಚಾಗುವುದಿಲ್ಲ, ಗುಳಿಗೆ ತಿಂದರೆ ಮಾತ್ರ ಹೆಚ್ಚಾಗುತ್ತದೆ. ಇದೆಂತ ನ್ಯಾಯ ಮಾರಾಯ್ತಿ?” ಬಾಳೆನಾರನ್ನು ಹಲ್ಲಲ್ಲಿ ಕಚ್ಚಿಕೊಂಡೇ ಡುಲ್ಸಿನ್ ಬಾಯಿ ಕೇಳಿದರು.

ನಾನು ಮಣಿಪಾಲದಲ್ಲಿ ಫಾರ್ಮಸಿ ಓದುವವಳು. ಪರೀಕ್ಷೆಗೆಂದು ಉರು ಹೊಡೆದಿದ್ದ ವಿಟಮಿನ್ ಡಿ ಪಾಠವೇ ಶಂಕರಪುರದ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತು ನನ್ನನ್ನೇ ಪ್ರಶ್ನೆ ಕೇಳಿದರೆ ಖುಷಿಯಾಗದೆ ಇರುತ್ತದೆಯೇ? ಆ ವಿಟಮಿನ್ನೇ ಹೆಚ್ಚಾಗಿ ವಾರ್ಡಿಗೆ ಸೇರಿದ್ದ ಇವರನ್ನು ಹೋದ ವಾರ ನೋಡಿದ್ದೆ. ಡಿಸ್ಚಾರ್ಜ್ ಆಗುವಾಗ ಮನೆಗೆ ಬಾ ಅಂದರು, ಬಂದೇಬಿಟ್ಟೆ.

ಉಸಿರು ಬಿಡದೆ ವಿವರಿಸಿದೆ. ಚರ್ಮಕ್ಕೆ ತನ್ನದೇ ಬ್ರೇಕ್ ಉಂಟು, ಹೆಚ್ಚಾದದ್ದನ್ನು ಬಿಸಿಲೇ ಮುರಿದು ಹಾಕುತ್ತದೆ. ಗುಳಿಗೆಗೆ ಆ ಬ್ರೇಕ್ ಇಲ್ಲ. ಲಿವರ್ ಅದನ್ನು ರಕ್ತಕ್ಕೆ ತಯಾರು ಮಾಡಿ ಬಿಡುತ್ತಲೇ ಇರುತ್ತದೆ, ಉಳಿದದ್ದು ಕೊಬ್ಬಿನಲ್ಲಿ ಹೋಗಿ ಕೂರುತ್ತದೆ. ಆಮೇಲೆ ಕರುಳಿನಿಂದಲೂ ಮೂಳೆಯಿಂದಲೂ ಕ್ಯಾಲ್ಸಿಯಂ ರಕ್ತಕ್ಕೆ ಬಂದು ತುಂಬುತ್ತದೆ, ಅದನ್ನು ತೊಳೆದು ಹಾಕಲು ಕಿಡ್ನಿ ನೀರು ಸುರಿಯುತ್ತದೆ. ಬಾಯಿಯವರಿಗೆ ಆ ಪರಿ ಬಾಯಾರಿಕೆ ಆದದ್ದು ಅದಕ್ಕೇ. ಅವರು ಸೆಕೆ ಎಂದುಕೊಂಡಿದ್ದರು. ಗುಳಿಗೆ ನಿಲ್ಲಿಸಿದರೂ ಕೊಬ್ಬಿನಲ್ಲಿ ಕೂತದ್ದು ಬೇಗ ಹೊರಡುವುದಿಲ್ಲ, ಪಿತ್ತದ ಜೊತೆ ಸ್ವಲ್ಪ ಸ್ವಲ್ಪವೇ ಹೋಗಬೇಕು, ತಿಂಗಳುಗಳೇ ಬೇಕು.

“ಒಳ್ಳೆಯ ನೆಂಟ,” ಎಂದರು. “ನನ್ನಲ್ಲಿಗೆ ಬಂದು ಉಳಿದದ್ದು ಅದೊಂದೇ.”

ನಾನು ನಕ್ಕೆ. ಅವರು ನಗಲಿಲ್ಲ.

ಕಾಪುವಿನ ಡಾಕ್ಟರ್ ಹೇಳಿದ್ದು ವಾರಕ್ಕೊಂದು. ಮರೆಯಬಾರದೆಂದು ಬಾಯಿಯವರು ಅದನ್ನು ಭಾನುವಾರದ ಮೀಸಿಗೆ, ಅಂದರೆ ಚರ್ಚಿನ ಪೂಜೆಗೆ, ಗಂಟು ಹಾಕಿದರು: ಇಗರ್ಜಿಯಿಂದ ಬಂದ ಕೂಡಲೇ ಗಂಜಿಯ ಜೊತೆ ಒಂದು. ಆಗ ಈ ಜಗಲಿಯಲ್ಲಿ ಪಕ್ಕದ ಮನೆಯ ಕುಶಲಾ ಕೂಡ ಕೂತು ಹೂ ಕಟ್ಟುತ್ತಿದ್ದರು, ಇಬ್ಬರ ಜಗಳ ರಸ್ತೆಯವರೆಗೆ ಕೇಳುತ್ತಿತ್ತಂತೆ. ಮೊಮ್ಮಗು ಹುಟ್ಟಿತೆಂದು ಕುಶಲಾ ಬಜಗೋಳಿಗೆ, ಮಗಳ ಮನೆಗೆ ಹೋದರು, ಅಲ್ಲೇ ನಿಂತರು. ಮದುವೆಯಾಗದ ಡುಲ್ಸಿನ್ ಬಾಯಿ ದಿನಾ ಬೆಳಿಗ್ಗೆ ಮೀಸಿಗೆ ಹೋಗತೊಡಗಿದರು. ಗುಳಿಗೆಯೂ ದಿನಾ ಆಯಿತು. ಹಳೆಯ ಚೀಟಿ ತೋರಿಸಿದರೆ ಅಂಗಡಿಯವರು ಕೊಡುತ್ತಲೇ ಇದ್ದರು.

ಅಷ್ಟು ಭಕ್ತಿ ಇದ್ದಕ್ಕಿದ್ದಂತೆ ಎಲ್ಲಿಂದ ಬಂತು ಎಂದು ಕೀಟಲೆ ಮಾಡಿದೆ.

“ಭಕ್ತಿ ಎಂತದ್ದೂ ಇಲ್ಲ. ಮೀಸಿನಲ್ಲಿ ಶಾಂತಿ ಹೇಳುವ ಹೊತ್ತು ಉಂಟಲ್ಲ, ಪಕ್ಕದವರು ತಿರುಗಿ ಕೈ ಮುಗಿಯುತ್ತಾರೆ. ದಿನದಲ್ಲಿ ನನ್ನ ಮುಖ ನೋಡುವುದು ಅವರೊಬ್ಬರೇ.”

ನನ್ನ ಪಾಠವೆಲ್ಲ ಅಲ್ಲಿಗೆ ಮುಗಿಯಿತು. ಈಗ ಯಾರು ಪಕ್ಕದಲ್ಲಿ ಕೂರುತ್ತಾರೆ ಎಂದು ಕೇಳಿದೆ. ಆಸ್ಪತ್ರೆಯಿಂದ ಬಂದ ಮೇಲೆ ಇಗರ್ಜಿಗೆ ಹೋಗಿಯೇ ಇಲ್ಲವಂತೆ. ಅಲ್ಲಿ ಪಕ್ಕದಲ್ಲಿ ಕೂರುವ ಬ್ರೆಂಡಾ ಎಂತ ಆಗಿತ್ತು ಎಂದು ಕೇಳುತ್ತಾಳೆ, ಹೇಳಹೊರಟರೆ ದಿನಾ ಯಾಕೆ ಬರುತ್ತಿದ್ದೆ ಎಂಬುದನ್ನೂ ಹೇಳಬೇಕಾಗುತ್ತದೆ. ಗುಳಿಗೆಯ ಜೊತೆ ಮೀಸೂ ನಿಂತುಹೋಗಿತ್ತು. ವಾರವಿಡೀ ಅವರು ಮಾತಾಡಿದ್ದು ಹೂ ಒಯ್ಯಲು ಬರುವವನ ಜೊತೆ ಮಾತ್ರ, ಅವನಿಗೋ ಯಾವಾಗಲೂ ಅವಸರ.

“ಬಿಡಬೇಕಾದ್ದು ಗುಳಿಗೆ ಮಾತ್ರ, ಬಾಯಿ,” ಎಂದೆ.

ಅವರು ಹೂವಿನ ಮೇಲೆ ನೀರು ಚಿಮುಕಿಸಿ ಬಾಳೆ ಎಲೆ ಮುಚ್ಚಿದರು. ಸೋಮವಾರ ಮಣಿಪಾಲದಲ್ಲಿ ಮತ್ತೆ ರಕ್ತ ಪರೀಕ್ಷೆ ಉಂಟು, ಕ್ಯಾಲ್ಸಿಯಂ ಇಳಿಯದಿದ್ದರೆ ಪುನಃ ಅಡ್ಮಿಟ್. ಅದಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ, ಭಾನುವಾರ ಸಂಜೆಯೇ ಬಂದು ಇಲ್ಲೇ ಉಳಿಯುತ್ತೇನೆ, ಸೋಮವಾರ ಬೆಳಿಗ್ಗೆ ಮೀಸಿಗೂ ಬರುತ್ತೇನೆ ಎಂದೆ.

“ನಿನಗೆ ಕೊಂಕಣಿ ಬರುವುದಿಲ್ಲವಲ್ಲ.”

“ಕೈ ಮುಗಿಯಲು ಬರುತ್ತದೆ.”

ಅವರು ನನ್ನ ಮುಖವನ್ನೇ ನೋಡಿದರು. ಭಾನುವಾರದ ಮೀಸಿಗೂ ಹೋಗುವ, ಮೊದಲನೆಯದು ಬೇಗ ಶುರುವಾಗುತ್ತದೆ, ಶನಿವಾರ ಸಂಜೆಯ ಬಸ್ಸಿಗೇ ಬಾ ಎಂದರು.