ಕೆಡದ ಮಣ್ಣು

ದೊಡ್ಡವರ ಬಗ್ಗೆ ಜನ ಹೇಳುವ ಕಥೆಗಳನ್ನು ನಾನು ಸುಲಭವಾಗಿ ನಂಬುವುದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ನಾಗಮಂಗಲದ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತು ತನಗೆ ತಾನೇ ಓದು ಕಲಿಸಿಕೊಂಡವನಿಗೆ ಬರುವ ಹಟ ಇದು ಎಂದು ಮನೆಯವರು ಹೇಳುತ್ತಾರೆ, ಇರಬಹುದು. ಹೊಸಹೊಳಲಿನ ದೇವಸ್ಥಾನದಲ್ಲಿ ಯಾರೋ ಒಬ್ಬರು, ಈ ವಿಗ್ರಹಗಳ ಸಾಲನ್ನೆಲ್ಲ ಒಬ್ಬನೇ ಶಿಲ್ಪಿ ಕಡೆದನೆಂದು ನೆಂಟರಿಗೆ ವಿವರಿಸುತ್ತಿದ್ದಾಗ, ಅವನ ಉಳಿಗಳನ್ನು ಕುಲುಮೆಯಲ್ಲಿ ಕಾಯಿಸಿ ಹದ ಹಾಕಿಕೊಟ್ಟವರು ಯಾರೆಂದು ಕೇಳಿ ಜಗಳ ತಂದುಕೊಂಡವನು ನಾನು. ಆದರೆ ಒಂದು ಕಥೆಯನ್ನು ಮಾತ್ರ ಎಂದೂ ಪ್ರಶ್ನಿಸಲಿಲ್ಲ. ಅದನ್ನು ನಲವತ್ತು ವರ್ಷ ಹೇಳಿಕೊಂಡು ಬಂದವನು ನಾನೇ ಆಗಿದ್ದೆ.

ನನ್ನ ಕಸುಬು ಕಂಚಿನ ಎರಕ. ಅದನ್ನು ಕಲಿತದ್ದು ನಾಗಮಂಗಲದ ಒಬ್ಬ ಯಜಮಾನರ ಬಳಿ, ಹನ್ನೆರಡು ವರ್ಷ. ಅವರು ಮೇಣದಲ್ಲಿ ಮೂರ್ತಿಯನ್ನು ತಿದ್ದುತ್ತಿದ್ದರು. ಅದರ ಮೇಲೆ ಪದರ ಪದರವಾಗಿ ಮಣ್ಣು ಮೆತ್ತಿ, ನೆರಳಿನಲ್ಲಿ ಒಣಗಿಸಿ, ಬೆಂಕಿಗೆ ಇಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ. ಒಳಗೆ ಉಳಿದ ಪೊಳ್ಳಿಗೆ ಕಂಚು ಹೊಯ್ಯುವುದು. ಬಂದವರೆಲ್ಲ ಮೇಣ ತಿದ್ದುವ ಕೈಯನ್ನೇ ನೋಡಿ ಬೆರಗಾಗುತ್ತಿದ್ದರು. ಅಂಗಳದ ಮೂಲೆಯಲ್ಲಿ ಮಣ್ಣು ಹದ ಮಾಡುತ್ತಿದ್ದವನ ಕಡೆಗೆ ಯಾರೂ ತಿರುಗುತ್ತಿರಲಿಲ್ಲ. ಅವನು ನನ್ನ ಓರಗೆಯವನು. ಶ್ರೀರಂಗಪಟ್ಟಣದ ಹೊಳೆಯ ಮೆಕ್ಕಲನ್ನು ಚೀಲದಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ಹುತ್ತದ ಮಣ್ಣಿನೊಡನೆ ಕಲಸಿ, ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದ. ಅಚ್ಚು ಒಣಗಿದೆಯೇ ಎಂದು ತಿಳಿಯಲು ಅದಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ತೇವವಿದ್ದರೆ ಮಣ್ಣು ಕೆನ್ನೆಗೆ ತಣ್ಣಗೆ ತಾಗುತ್ತದೆ. ಕೈಗೆ ತಿಳಿಯದ್ದು ಕೆನ್ನೆಗೆ ತಿಳಿಯುತ್ತದೆ ಎಂಬುದು ಅವನ ಮಾತು. ನಾವು ಅವನನ್ನು ಕರೆಯುತ್ತಿದ್ದುದು ಮಣ್ಣಿನವನು ಎಂದೇ.

ನಾನು ಹೇಳುತ್ತಿದ್ದ ಕಥೆ ಇಷ್ಟು. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಊರಿನವರು ತಮ್ಮ ದೇವಸ್ಥಾನಕ್ಕೆ ಉತ್ಸವಮೂರ್ತಿ ಮಾಡಿಸಿದರು. ಅಚ್ಚನ್ನು ಬಿಡಿಸಿದಾಗ ಮೂರ್ತಿಯ ಹೆಗಲಿನಲ್ಲಿ ದೋಷ ಕಂಡಿತು. ಹೂವು ವಸ್ತ್ರಗಳಲ್ಲಿ ಮುಚ್ಚಿಹೋಗುವಂಥ ದೋಷ. ತುಂಬಿ ತಿಕ್ಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೋಡಲು ಬಂದಿದ್ದ ಊರಿನ ಮುಖಂಡರೇ ಇರಲಿ ಬಿಡಿ ಎಂದರು. ಯಜಮಾನರು ಒಂದು ಮಾತೂ ಆಡದೆ ಸುತ್ತಿಗೆ ತೆಗೆದುಕೊಂಡರು. ಬಿಸಿ ಆರದ ಕಂಚು ಬೇಗ ಮುರಿಯುತ್ತದೆ. ಮೂರನೆಯ ಏಟಿಗೆ ಹೆಗಲು ಬೇರೆಯಾಯಿತು. ಚೂರುಗಳು ಮತ್ತೆ ಕಂಚು ಕರಗಿಸುವ ಮೂಸೆಗೆ ಹೋದವು. ಅವಸರಪಡಿಸಿದ್ದ ಊರಿನವರೇ ಎರಡು ತಿಂಗಳು ಕಾದು, ಎರಡನೆಯ ಮೂರ್ತಿಯನ್ನು ಕಣ್ಣಿಗೊತ್ತಿಕೊಂಡು ಒಯ್ದರು. ಇದನ್ನು ಕೇಳಿದವರು ತಲೆದೂಗುತ್ತಿದ್ದರು.

ಹೋದ ವರ್ಷ ಶ್ರೀರಂಗಪಟ್ಟಣದ ಕಡೆಯ ಒಂದು ಕಾಲೇಜಿನಿಂದ ಅಧ್ಯಾಪಕಿಯೊಬ್ಬರು ಮನೆಗೆ ಬಂದರು. ಕಸುಬಿನಲ್ಲಿ ಹೆಸರು ಮಾಡಿದ ನಾಲ್ಕಾರು ಜನರನ್ನು ಕರೆಸಿ, ಕೆಲಸ ಎಂದರೇನು, ಹತ್ತು ಜನರನ್ನು ನಡೆಸುವುದು ಹೇಗೆ, ಹೊಸದು ಹುಟ್ಟುವುದು ಎಲ್ಲಿಂದ ಎಂದು ವಿದ್ಯಾರ್ಥಿಗಳಿಗೆ ಹೇಳಿಸಿ, ಅದನ್ನೇ ಪುಸ್ತಕ ಮಾಡುವ ಯೋಜನೆ. ಒಬ್ಬ ವೈದ್ಯರು, ಒಬ್ಬ ಎಂಜಿನಿಯರು, ಹಾಲಿನ ಡೈರಿ ಕಟ್ಟಿದ ಒಬ್ಬ ಹೆಣ್ಣುಮಗಳು, ಜೊತೆಗೆ ನಾನು. ಅವರಿಗೆ ಬೇಕಾಗಿದ್ದದ್ದು ಈ ಕಥೆಯೇ. ಬರೆದುಕೊಳ್ಳುತ್ತಾ ಆಕೆ ತಲೆ ಎತ್ತಿ ಕೇಳಿದರು: “ಸಾರ್, ಮೊದಲನೇ ಮೂರ್ತಿ ಕೆಟ್ಟಿದ್ದು ಯಾಕೆ?”

ನಲವತ್ತು ವರ್ಷಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಮಣ್ಣು ಕೆಟ್ಟಿತ್ತು ಎಂದೆ. ಆಕೆ ಬರೆದುಕೊಂಡು, ಕಾಫಿ ಕುಡಿದು ಹೋದರು. ನಾನು ಜಗುಲಿಯಿಂದ ಏಳಲಿಲ್ಲ. ಅದು ನನ್ನ ಮಾತಲ್ಲ, ಯಜಮಾನರ ಮಾತು, ಸುಳ್ಳು ಮಾತು, ಕೇಳಿದ ಕೂಡಲೇ, ಯೋಚಿಸದೆ, ನನ್ನ ಬಾಯಿಂದ ಬಂದಿತ್ತು.

ನಡೆದದ್ದು ಹೀಗೆ. ಪ್ರತಿಷ್ಠಾಪನೆಗೆ ಬರಬೇಕಾಗಿದ್ದ ಯಾರೋ ದೊಡ್ಡವರ ಬಿಡುವಿಗೆ ತಕ್ಕಂತೆ ಊರಿನವರು ದಿನವನ್ನು ಮುಂಚಿತವಾಗಿ ಇಟ್ಟುಕೊಂಡರು. ಮಣ್ಣಿಗೆ ಅವಸರ ಹೇಳಬಾರದು ಎಂದು ನಮಗೆ ಕಲಿಸಿದ್ದ ಯಜಮಾನರು ಆಗಲಿ ಎಂದು ಒಪ್ಪಿಕೊಂಡರು. ಸುಡುವುದಕ್ಕೆ, ಹೊಯ್ಯುವುದಕ್ಕೆ, ತಿಕ್ಕಿ ಹೊಳಪು ಕೊಡುವುದಕ್ಕೆ ದಿನ ಎಣಿಸಿದರೆ ಕೈಯಲ್ಲಿ ಒಂದೇ ದಿನ ಹೆಚ್ಚಿಗೆ ಉಳಿಯುತ್ತಿತ್ತು. ಬೆಂಕಿಗೆ ಇಡುವ ಬೆಳಿಗ್ಗೆ ಮಣ್ಣಿನವನು ಅಚ್ಚಿನ ಹೆಗಲಿಗೆ ಕೆನ್ನೆ ಒತ್ತಿ, ಇನ್ನೂ ತಣ್ಣಗಿದೆ, ಇನ್ನೆರಡು ದಿನ ಬೇಕು ಎಂದ. ಯಜಮಾನರು ಕೇಳಿಸಿಕೊಂಡರು. ನಾನು ಪಕ್ಕದಲ್ಲಿದ್ದೆ, ನಾನೂ ಕೇಳಿಸಿಕೊಂಡೆ. ಬೆಂಕಿಗೆ ಇಡಿ ಎಂದರು. ಇಟ್ಟೆವು.

ಹೆಗಲಿನಲ್ಲಿ ಬಂದ ದೋಷ ಗುಳ್ಳೆಗಳದು: ದುಂಡಗೆ, ನುಣ್ಣಗೆ, ದೋಸೆಯ ಮೇಲಿನ ತೂತುಗಳ ಹಾಗೆ. ಮಣ್ಣು ಕೆಟ್ಟು ಉದುರಿದರೆ ಕಂಚಿನಲ್ಲಿ ಹರಳು ಸಿಕ್ಕಿಕೊಳ್ಳುತ್ತದೆ, ಒರಟು ಗೀರು ಬೀಳುತ್ತದೆ. ದುಂಡು ಗುಳ್ಳೆ ಬರುವುದು ತೇವದಿಂದ. ಎರಕದವರಾದ ಯಾರಿಗಾದರೂ ನೋಡಿದ ಕೂಡಲೇ ತಿಳಿಯುವ ಸಂಗತಿ ಇದು. ಆ ದಿನ ಅಲ್ಲಿದ್ದವರಲ್ಲಿ ಎರಕದವರು ನಾವು ಮೂವರೇ. ಊರಿನ ಮುಖಂಡರು ಏನಾಯಿತು ಎಂದು ಕೇಳಿದರು. ಯಜಮಾನರು ಅಂಗಳದ ಮೂಲೆಯ ಕಡೆಗೆ ನೋಡಿ, “ಮಣ್ಣು ಕೆಟ್ಟಿತ್ತು” ಎಂದರು. ಸುತ್ತಿಗೆ ತೆಗೆದುಕೊಂಡದ್ದು ಅದಾದ ಮೇಲೆ. ಚೂರುಗಳನ್ನು ಆರಿಸಿ ಮೂಸೆಗೆ ಹಾಕೆಂದು ನನಗೆ ಹೇಳಿದರು. ಗುಳ್ಳೆಯಿದ್ದ ಹೆಗಲನ್ನು ಇಕ್ಕಳದಲ್ಲಿ ಹಿಡಿದು ಮೊದಲು ಹಾಕಿದವನು ನಾನು. ಸಾಕ್ಷಿ ಕರಗಿತು.

ನಮ್ಮಲ್ಲಿ ದೇವರ ಎರಕ ಕೆಟ್ಟರೆ ಅದನ್ನು ಕೆಡಿಸಿದ ಕೈಯನ್ನು ಮತ್ತೆ ಹತ್ತಿರ ಸೇರಿಸುವುದಿಲ್ಲ. ಮಣ್ಣಿನವನು ಮಾರನೆಯ ದಿನ ಬರಲಿಲ್ಲ. ಬೇರೆ ಎರಕದ ಮನೆಗಳಿಗೂ ಸುದ್ದಿ ಮುಟ್ಟಿತ್ತು; ನಾಗಮಂಗಲದಲ್ಲಿ ಅವನು ಕಲಸಿದ ಮಣ್ಣನ್ನು ಯಾರೂ ಮುಟ್ಟಲಿಲ್ಲ. ನಾವು ಮುಟ್ಟಿದೆವು. ಎರಡನೆಯ ಮೂರ್ತಿಯ ಅಚ್ಚಿಗೆ ಮೆತ್ತಿದ್ದು ಅವನೇ ಕಲಸಿ ಗೋಣಿ ಮುಚ್ಚಿ ಇಟ್ಟಿದ್ದ ರಾಶಿಯ ಮಣ್ಣನ್ನು. ಮೆತ್ತಿದವನು ನಾನು. ಆ ಮಣ್ಣು ಕೆಟ್ಟದ್ದಾಗಿದ್ದರೆ ಎರಡನೆಯದೂ ಕೆಡಬೇಕಾಗಿತ್ತು. ಅದು ಕೂದಲೆಳೆಯಷ್ಟೂ ಕೆಡದೆ ಬಂತು. ಆ ಊರಿನಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಈ ಲೆಕ್ಕಾಚಾರಕ್ಕೆ ಯಾವ ಗ್ರಂಥಾಲಯವೂ ಬೇಕಿರಲಿಲ್ಲ. ನಾನು ಮಾಡಲಿಲ್ಲ, ಅಷ್ಟೇ. ಕಥೆ ಹೇಳಲು ತೊಡಗಿದಾಗ ಅದರೊಳಗಿಂದ ಮಣ್ಣಿನವನನ್ನು ತೆಗೆದುಬಿಟ್ಟೆ. ಅವನಿಲ್ಲದಿದ್ದರೆ ಕಥೆ ಚೆನ್ನಾಗಿ ನಿಲ್ಲುತ್ತಿತ್ತು.

ಯಜಮಾನರು ಕೆಟ್ಟವರಾಗಿರಲಿಲ್ಲ. ಹಾಗೆ ಬರೆದುಬಿಟ್ಟರೆ ನನಗೆ ಹಗುರವಾಗುತ್ತದೆ, ಆದ್ದರಿಂದಲೇ ಬರೆಯಲಾರೆ. ನನಗೆ ಜ್ವರ ಬಂದಾಗ ತಮ್ಮ ಮನೆಯ ಗಂಜಿ ತಂದು ಕುಡಿಸಿದವರು ಅವರು. ನನಗೆ ಕೆಲಸವೆಂದರೇನೆಂದು ಕಲಿಸಿದವರೂ ಅವರೇ. ಆ ಒಂದು ದಿನ ಅವರು ಹೆದರಿದ್ದರು ಎಂದು ಈಗ ಅನಿಸುತ್ತದೆ.

ಕಾಲೇಜಿನ ಸಮಾರಂಭಕ್ಕೆ ಹತ್ತು ದಿನ ಇರುವಾಗ ಪಾಂಡವಪುರದ ಬಸ್ಸು ಹತ್ತಿದೆ. ಮಣ್ಣಿನವನು ಆ ಕಡೆ ನಾಲೆಯ ಪಕ್ಕದ ಒಂದು ಊರಿನಲ್ಲಿ, ಹೆಂಡತಿಯ ತೌರಿನಲ್ಲಿ, ನೆಲೆಸಿದ್ದಾನೆಂದು ಕೇಳಿದ್ದೆ. ನಡೆದದ್ದನ್ನು ಸಭೆಯಲ್ಲಿ ಹೇಳಿ ಅವನ ಕೈಗೆ ಹತ್ತಿದ ಮಾತನ್ನು ಅಳಿಸುವುದು ನನ್ನ ನಿಶ್ಚಯ. ಅದಕ್ಕೆ ಅವನ ಒಪ್ಪಿಗೆ ಬೇಕಾಗಿತ್ತು. ಊರ ಮುಂದಿನ ಟೀ ಅಂಗಡಿಯಲ್ಲಿ ಗುರುತು ಹೇಳಿ ವಿಚಾರಿಸಿದರೆ ಅಂಗಡಿಯವನು ನಕ್ಕ.

“ಯಾರು, ಇನ್ನೆರಡ್ ದಿನದ್ ತಾತನ? ಆಲೆಮನೆತಾವು ಒಲೆ ಕಾಯ್ತಾ ಕುಂತವ್ನೆ, ಓಗಿ. ಕಬ್ಬು ಕಡ್ದಾಕಿ ಮೂರ್ ದಿನ ಆಯ್ತು, ಇನ್ನೂ ಬೆಂಕಿ ಆಕಾಕ್ ಬುಡಾಕಿಲ್ಲ ಅಂತಾನೆ.”

ಮಣ್ಣಿನವನು ಈಗ ಬೆಲ್ಲದ ಆಲೆಮನೆಗಳಿಗೆ ಒಲೆ ಕಟ್ಟುವವನಾಗಿದ್ದ. ಸುತ್ತಲ ಹಳ್ಳಿಗಳಲ್ಲಿ ಅವನು ಕಟ್ಟಿದ ಒಲೆ ಬಿರುಕು ಬಿಡುವುದಿಲ್ಲವಂತೆ, ಸೌದೆ ಕಡಿಮೆ ತಿನ್ನುತ್ತದಂತೆ. ಕಟ್ಟಿ ಮುಗಿಸಿದ ಮೇಲೆ ಅದರ ಮುಂದೆಯೇ ಕೂರುತ್ತಾನೆ; ಎಷ್ಟು ದೊಡ್ಡ ಗೌಡರು ಬಂದು ಗದರಿದರೂ ಇನ್ನೆರಡು ದಿನ ಎನ್ನುತ್ತಾನೆ. ಇದನ್ನೆಲ್ಲ ಅಂಗಡಿಯವನು ಹೇಳಿದ. ನಾನು ಹೋದಾಗ ಮಣ್ಣಿನವನು ಹೊಸ ಒಲೆಯ ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದ. ಮುಖ ನೋಡದೆಯೇ ಗುರುತು ಸಿಕ್ಕಿತು.

“ಬಂದ್ಬುಟ್ಟ್ಯಾ? ನಾನ್ ಸತ್‌ಮೇಲೆ ಬತ್ತೀಯ ಅಂದ್ಕಂಡಿದ್ದೆ. ಕುಂತ್ಕೊ. ಆ ಗೋಡೆಗ್ ಒರಗ್‌ಬ್ಯಾಡ ಕಣ್ಲಾ, ಅಸಿ ಅದೆ.”

ಕುಳಿತು ಬಂದ ಕಾರಣ ಹೇಳಿದೆ. ಯಜಮಾನರು ಮಾಡಿದ ಅನ್ಯಾಯವನ್ನು ನಾಲ್ಕು ಜನರ ಮುಂದೆ ಹೇಳುತ್ತೇನೆ, ನಿನ್ನ ಮಣ್ಣು ಕೆಟ್ಟಿರಲಿಲ್ಲ ಎನ್ನುತ್ತೇನೆ ಎಂದೆ. ಅವನು ಬೀಡಿ ಹಚ್ಚಿದ.

“ಅವ್ರು ಓಗಿ ಎಷ್ಟ್ ವರ್ಸ ಆಯ್ತು. ಸತ್ತೋರ್ ಮ್ಯಾಲೆ ಆಕಾಕೆ ಏನ್ ಕಷ್ಟ ಅದೆ? ಯಜಮಾನ್ರು ಅವ್ರ ಮರ್ವಾದೆ ಉಳಿಸ್ಕಂಡ್ರು. ಅದು ನಂಗ್ ಅವತ್ತೇ ಅರ್ತ ಆಯ್ತು. ನೀನು ಇಕ್ಕಳ ಇಡ್ಕಂಡ್ ನಿಂತಿದ್ಯಲ್ಲ, ನೀನ್ ಏನ್ಲಾ ಉಳಿಸ್ಕಂಡೆ?”

ಇಷ್ಟು ವರ್ಷ ಎಲ್ಲರನ್ನೂ ಪ್ರಶ್ನೆ ಕೇಳಿದವನು ಈಗ ಉತ್ತರ ಕೊಡಬೇಕಾಯಿತು. ಹೇಳಿದೆ. ಅವನು ಹೋದ ಮೇಲೆ ಮೂಸೆಯ ಪಕ್ಕದ ಜಾಗ ನನಗೆ ಬಂತು. ಹೊಯ್ಯುವುದನ್ನು ಯಜಮಾನರು ನನಗೆ ಕಲಿಸಿದರು. ಮುಂದೆ ನನ್ನದೇ ಎರಕದ ಮನೆ ಆದದ್ದು ಅದರಿಂದಲೇ. ನಾನು ಬಾಯಿ ತೆರೆದಿದ್ದರೆ ನಾವಿಬ್ಬರೂ ಒಟ್ಟಿಗೆ ಹೊರಗೆ ಹೋಗುತ್ತಿದ್ದೆವು.

ಅವನು ತಲೆಯಾಡಿಸಿದ. “ಅದ್ನೂ ಸೇರ್ಸಿ ಯೋಳಂಗಿದ್ರೆ ಯೋಳು. ಇಲ್ದಿದ್ರೆ ಅಳೇ ಕತೇನೇ ಯೋಳ್ಕಂಡ್ ಚಪ್ಪಾಳೆ ಒಡಿಸ್ಕೊ ಓಗು.”

ಸಮಾರಂಭದ ದಿನ ನಾಲ್ಕನೆಯವನಾಗಿ ಮಾತಿಗೆ ನಿಂತೆ. ವೈದ್ಯರೂ ಎಂಜಿನಿಯರೂ ಚೆನ್ನಾಗಿಯೇ ಮಾತಾಡಿದ್ದರು. ಅವರ ಕಥೆಗಳಲ್ಲಿಯೂ ಮೂಲೆಯಲ್ಲಿ ಯಾರಾದರೂ ಇದ್ದಿರಬೇಕು ಎಂದು ಯೋಚಿಸುತ್ತಾ ನಾನು ಅರ್ಧ ಕೇಳಿಸಿಕೊಂಡಿರಲಿಲ್ಲ. ಸುತ್ತಿಗೆಯ ಏಟಿಗೆ ಹೆಗಲು ಬೇರೆಯಾದ ಜಾಗಕ್ಕೆ ಬಂದಾಗ ಹುಡುಗರು ಚಪ್ಪಾಳೆ ತಟ್ಟಿದರು. ಅಲ್ಲಿ ನಿಲ್ಲಿಸಿಬಿಡಬೇಕೆಂದು ನನಗೆ ಎಷ್ಟು ಆಸೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಸದ್ದು ತಾನಾಗಿ ಅಡಗುವವರೆಗೆ ಕೈ ಎತ್ತಿ ನಿಂತೆ. ಆಮೇಲೆ ಕೆನ್ನೆ, ತೇವ, ಗುಳ್ಳೆ, ಮೂಲೆಯ ಕಡೆಗೆ ಹೋದ ಆ ನೋಟ, ಇಕ್ಕಳ, ಅದೇ ರಾಶಿಯ ಮಣ್ಣು, ನನಗೆ ದೊರೆತ ಜಾಗ, ಎಲ್ಲವನ್ನೂ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿರೂಪಕರು ಮೈಕಿನಲ್ಲಿ ಊಟದ ವ್ಯವಸ್ಥೆಯ ವಿಷಯ ತಿಳಿಸಿದರು.

ಊಟದ ಪಂಕ್ತಿಯಲ್ಲಿ ಅಧ್ಯಾಪಕಿ ಪಕ್ಕಕ್ಕೆ ಬಂದು, ನೊಂದ ದನಿಯಲ್ಲಿಯೇ, ಪುಸ್ತಕದಲ್ಲಿ ಮೂರ್ತಿ ಒಡೆಯುವವರೆಗೆ ಮಾತ್ರ ಇಟ್ಟುಕೊಳ್ಳುತ್ತೇವೆ, ಮಕ್ಕಳಿಗೆ ಸ್ಫೂರ್ತಿ ಸಿಗಬೇಕಲ್ಲ ಎಂದರು. ಹಾಗಾದರೆ ನನ್ನ ಭಾಗವೇ ಬೇಡ ಎಂದೆ. ಆಕೆಯ ಮೇಲೆ ನನಗೆ ಕೋಪವಿಲ್ಲ. ನಾನೂ ನಲವತ್ತು ವರ್ಷ ಒಡೆಯುವವರೆಗೆ ಮಾತ್ರ ಹೇಳಿದವನು. ಯಜಮಾನರ ಮಗನಿಗೆ ಸುದ್ದಿ ಮುಟ್ಟಿ ಫೋನು ಮಾಡಿದ. ನಮ್ಮಪ್ಪನನ್ನು ಬಿಟ್ಟುಬಿಡಬಹುದಾಗಿತ್ತು ಎಂದಷ್ಟೇ ಹೇಳಿದ. ಈಗ ಪೇಟೆಯಲ್ಲಿ ಎದುರಾದರೆ ರಸ್ತೆ ದಾಟುತ್ತಾನೆ. ನಾಗಮಂಗಲದ ಎರಕದವರಲ್ಲಿ ಇಬ್ಬರು ನನ್ನ ಮಾತು ನಿಜವಿರಬಹುದು ಎಂದರು. ಉಳಿದವರು ಮುದುಕನಿಗೆ ಅರಳುಮರಳು ಎನ್ನುತ್ತಾರೆ.

ಆದ್ದರಿಂದ ನಡೆದದ್ದನ್ನು ಕಾಗದದ ಮೇಲೆ ಇಳಿಸಿದೆ. ಇಲ್ಲಿಯವರೆಗಿನದನ್ನು ತೆಗೆದುಕೊಂಡು ಮತ್ತೆ ಪಾಂಡವಪುರದ ಬಸ್ಸು ಹತ್ತಿದೆ. ಆಲೆಮನೆಯ ಒಲೆ ಆಗ ಉರಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ. ಮಣ್ಣಿನವನ ಕಣ್ಣು ಈಗ ಅಷ್ಟಾಗಿ ಕಾಣದು. ನಾನು ಓದಿದೆ, ಅವನು ಕೇಳಿದ. ನನ್ನ ಪಾಲಿನ ಸಂಗತಿ ಬಂದಾಗ ಹೂಂ ಎಂದ. ಮುಗಿದ ಮೇಲೆ ಒಂದನ್ನು ಮಾತ್ರ ತಿದ್ದಿದ.

“ಎರಡ್ ದಿನ ಅಂತ ನಾನ್ ಅನ್ನೇ ಇಲ್ಲ ಕಣ್ಲಾ. ಒಂದ್ ದಿನ ಅಂದೆ. ಒಂದ್ ಕೇಳುದ್ರೂ ಕೊಡ್ನಿಲ್ವಲ್ಲ, ಅದ್ಕೇ ಆಮ್ಯಾಕೆ ಎಲ್ಲಾರ್‌ತಾವೂ ಎರಡ್ ಕೇಳ್ತೀನಿ.”

ನನಗೆ ಚೆನ್ನಾಗಿ ನೆನಪಿದೆ, ನೀನು ಹೇಳಿದ್ದು ಎರಡೇ ಎಂದು ವಾದಿಸಿದೆ. ಬಾಯಿ ಮುಚ್ಚಿಕೊಂಡಿದ್ದವನು ಕಿವಿಯನ್ನೂ ಮುಚ್ಚಿಕೊಂಡಿದ್ದೆಯೇನೋ ಎಂದು ಅವನು ನಕ್ಕ. ನಾನು ನಗಲಾರದೆ ಹೋದೆ. ಎರಡು ದಿನ ಕೊಟ್ಟಿದ್ದರೆ ಪ್ರತಿಷ್ಠಾಪನೆಯ ದಿನ ತಪ್ಪುತ್ತಿತ್ತು. ಹಾಗಿದ್ದ ಮೇಲೆ ಯಜಮಾನರಾದರೂ ಏನು ಮಾಡಿಯಾರು, ನಾನಾದರೂ ಏನು ಹೇಳಿಯೇನು. ಆದರೆ ಒಂದು ದಿನ ನಮ್ಮ ಕೈಯಲ್ಲಿ ಇತ್ತು. ಅದು ನನಗೂ ಗೊತ್ತಿತ್ತು.

ಮೇಲೆ ಬರೆದ ಎರಡು ದಿನವನ್ನು ಹೊಡೆದುಹಾಕಿಲ್ಲ. ನಾನು ನೆನಪಿಟ್ಟುಕೊಂಡದ್ದು ಅದನ್ನೇ. ಅವನು ಕೇಳಿದ್ದು ಒಂದು ದಿನ.